ನನ್ನ ತಮ್ಮನ ಬಾಯಿಗೆ ಸಿಕ್ಕ ಕೆಲಸ

ನನ್ನ ತಮ್ಮನಿಗೆ ಮನೆಯಲ್ಲಿ ಪೀಠಿಕೆ ಎಂದು ಹೆಸರು. ಇಟ್ಟವಳು ನಾನೇ. ಬಾಯಾರಿದರೆ ನೀರು ಕೊಡಿ ಎಂದು ಅವನು ಯಾವತ್ತೂ ನೇರವಾಗಿ ಕೇಳಿದವನಲ್ಲ. ಮೊದಲು ಬಿಸಿಲಿನ ಮಾತು, ಆಮೇಲೆ ಮನುಷ್ಯನ ದೇಹಕ್ಕೂ ನೀರಿಗೂ ಇರುವ ಸಂಬಂಧ, ಕೊನೆಗೆ ಲೋಟ. ಇಂಥವನನ್ನು ಒಂದು ದೊಡ್ಡ ಕಂಪನಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂಬಳ ಕೊಟ್ಟು ಸಾಕಿತೆಂದರೆ ಆ ಕಂಪನಿಯ ಬುದ್ಧಿ ಎಂಥದ್ದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಅವನ ಕೆಲಸ ಮೀಟಿಂಗ್ ನಡೆಸುವುದು. ಯಾತರ ಮೀಟಿಂಗ್ ಎಂದು ಕೇಳಿದರೆ ಅವನಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಗಾಜಿನ ಕೋಣೆಯ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಇವನು ಮಾತಾಡುವುದು, ಸುತ್ತ ಕೂತವರು ತಲೆಯಾಡಿಸುತ್ತ ಮೇಜಿನಡಿ ಫೋನ್ ಒತ್ತುವುದು, ಮುಂದಿನ ಮೀಟಿಂಗ್ ಯಾವಾಗ ಎಂದು ತೀರ್ಮಾನವಾದ ಮೇಲೆ ಎಲ್ಲರೂ ಮಹತ್ಕಾರ್ಯ ಸಾಧಿಸಿದವರ ಹಾಗೆ ಕಾಫಿಗೆ ಏಳುವುದು.

ಒಂದು ಬೆಳಿಗ್ಗೆ ಅವನ ಕಾರ್ಡಿಗೆ ಆಫೀಸಿನ ಬಾಗಿಲು ತೆರೆಯಲಿಲ್ಲ. ಹಿಂದಿನ ದಿನದವರೆಗೂ ಸಲಾಂ ಹೊಡೆಯುತ್ತಿದ್ದ ಕಾವಲುಗಾರ ಅವತ್ತು ಮುಖ ನೋಡದೆ ಮೂಲೆಯ ಸೋಫಾ ತೋರಿಸಿದ. ಸಿಬ್ಬಂದಿ ವಿಭಾಗದ ಹುಡುಗಿಯೊಬ್ಬಳು ಕಣ್ಣೊರೆಸುವ ಕಾಗದದ ಡಬ್ಬಿ ಹಿಡಿದು ಬಂದಳು. ಇವನು ಅಳಲಿಲ್ಲವಾದ್ದರಿಂದ ಅದನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು.

"ನಿಮ್ಮನ್ನ ತೆಗೀತಾ ಇಲ್ಲ ಸರ್," ಎಂದಳಂತೆ, "ಹೊಸ ದಾರಿಗೆ ಬಿಡುಗಡೆ ಮಾಡ್ತಾ ಇದೀವಿ."

ಕತ್ತು ಹಿಡಿದು ಹೊರಗೆ ದಬ್ಬುವುದಕ್ಕೆ ಎಂಥ ಚೆಂದದ ಹೆಸರು! ಅವನ ಇಡೀ ಸರ್ವೀಸಿನಲ್ಲಿ ಅಷ್ಟು ಬೇಗ ಮುಗಿದ ಮೀಟಿಂಗ್ ಅದೊಂದೇ. ಮಾತು ಮಾತಿಗೂ 'ನಾವೆಲ್ಲ ಒಂದೇ ಕುಟುಂಬ' ಎನ್ನುತ್ತಿದ್ದ ಜೊತೆಯವರಲ್ಲಿ ಒಬ್ಬನೂ ಫೋನ್ ಮಾಡಲಿಲ್ಲ. ಸೋಂಕು ತಗುಲೀತೆಂದು ಹೆದರಿದರೋ ಏನೋ.

ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಎನ್ನುತ್ತಾರೆ. ಇವನು ಮನೆಯಲ್ಲಿ ಮೀಟಿಂಗ್ ಶುರು ಮಾಡಿದ. ಅಡುಗೆಮನೆಯ ಡಬ್ಬಗಳ ಜಾಗದ ಮೇಲೆ ಒಂದು, ಮಗಳ ಸ್ನಾನ ತಡವಾಗುವುದರ ಮೇಲೆ ಒಂದು. ವಾರ ತುಂಬುವುದರೊಳಗೆ ಅವನ ಹೆಂಡತಿ ನನಗೆ ಫೋನ್ ಮಾಡಿದಳು. "ಅತ್ತಿಗೆ, ನಿಮಗೆ ಕೈ ಮುಗೀತೀನಿ. ಹಗಲು ಹೊತ್ತು ಇವರನ್ನ ನಿಮ್ಮ ಅಂಗಡೀಲಿ ಕೂರಿಸ್ಕೊಳ್ಳಿ."

ನನ್ನದು ಹಾಸಿಗೆ ದಿಂಬಿನ ಅಂಗಡಿ. ಒಡಹುಟ್ಟಿದ ತಪ್ಪಿಗೆ ಕೂರಿಸಿಕೊಂಡೆ. ದಿಂಬು ಕೊಳ್ಳಲು ಬಂದವರಿಗೆ ಅವನು ನಿದ್ರೆಯ ಮಹತ್ವದ ಮೇಲೆ ಉಪನ್ಯಾಸ ಕೊಡುತ್ತಿದ್ದ. ಒಬ್ಬ ಮುದುಕರು ಕೇಳುತ್ತ ಕೇಳುತ್ತ ನಮ್ಮ ಹಾಸಿಗೆಯ ಮೇಲೇ ಗೊರಕೆ ಹೊಡೆದರು. ಎದ್ದವರೇ ಏನೂ ಕೊಳ್ಳದೆ ಹೋದರು. ನಿದ್ದೆ ಪುಕ್ಕಟೆ ಸಿಕ್ಕಿದ ಮೇಲೆ ದಿಂಬು ಯಾಕೆ?

ಹೀಗಿರುವಾಗ ಬಸ್ ನಿಲ್ದಾಣದ ಕಂಟ್ರೋಲರಮ್ಮ ಕುತ್ತಿಗೆ ನೋವಿಗೆ ದಿಂಬು ಹುಡುಕಿಕೊಂಡು ಬಂದರು. ಇವನ ಭಾಷಣ ಕೇಳುತ್ತ ನಿಂತರು. ಮಾತಿಗೆ ಗಮನ ಕೊಟ್ಟಂತೆ ಕಾಣಲಿಲ್ಲ, ದನಿಗೆ ಕೊಟ್ಟರು.

"ಈ ಗಂಟಲು ಬಾಡಿಗೆಗೆ ಸಿಗುತ್ತಾ? ನಮ್ಮ ಮೈಕಿನವರು ಬಿಟ್ಟು ಹೋಗಿದಾರೆ," ಎಂದು ನನ್ನನ್ನು ಕೇಳಿದರು.

"ಬಾಡಿಗೆ ಯಾಕಮ್ಮ, ಹಾಗೇ ತಗೊಂಡು ಹೋಗಿ," ಎಂದೆ.

ಅವರು ಹೋದ ಮೇಲೆ ಪೀಠಿಕೆಗೆ ಸಿಟ್ಟು ಬಂತು. "ನಾನು ಬಸ್ ಸ್ಟ್ಯಾಂಡಲ್ಲಿ ಕೂಗೋದಾ, ಅಕ್ಕ?"

"ಅಲ್ಲೂ ಗಾಜಿನ ಕೋಣೆ ಇದೆ ಕಣೋ. ನಿಂಗೆ ಕಳ್ಕೊಳ್ಳೋಕೆ ಏನಿದೆ?"

ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದು ನಾಲ್ಕನೆಯ ದಿನ ಹೋದ. ಆ ಕೋಣೆಯೋ, ಒಂದು ಮೇಜು, ಕಿರುಗುಟ್ಟುವ ಫ್ಯಾನ್, ಯಾರ ಯಾರದೋ ಉಗುಳು ಒಣಗಿದ ಮೈಕು. ಕೂತವನೇ ಶುರು ಮಾಡಿದ: "ಆತ್ಮೀಯ ಪ್ರಯಾಣಿಕ ಬಂಧುಗಳೇ, ತಮ್ಮೆಲ್ಲರ ಅಮೂಲ್ಯ ಸಮಯದ ಅರಿವಿಟ್ಟುಕೊಂಡು ನಾನೀಗ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ…" ತರಬಯಸಿದ್ದ ಬಸ್ಸು ಅಷ್ಟರಲ್ಲಿ ಗೇಟು ದಾಟಿತ್ತು. ಹೆಂಗಸೊಬ್ಬಳು ಚೀಲ ಎತ್ತಿಕೊಂಡು ಹಿಂದೆ ಓಡಿದಳು. ಸಿಗಲಿಲ್ಲ. ಗಾಜಿನ ಹತ್ತಿರ ಬಂದು ಇವನಿಗೆ ಬಯ್ದಳು. ಅವನ ಮಾತನ್ನು ಯಾರೋ ಕಿವಿಗೊಟ್ಟು ಕೇಳಿ ಬಯ್ದದ್ದು ಅದೇ ಮೊದಲು.

ಕಂಟ್ರೋಲರಮ್ಮ ಒಳಗೆ ಬಂದರು. "ನೋಡಿ ಸ್ವಾಮಿ, ಎಲ್ಲಿಗೆ, ಯಾವ ಪ್ಲಾಟ್‌ಫಾರಂ, ಯಾವಾಗ. ಅಷ್ಟೇ. ಎರಡು ಸಲ ಹೇಳಿ ಬಾಯಿ ಮುಚ್ಕೊಳ್ಳಿ. ಅದರ ಮೇಲೆ ಒಂದು ಮಾತಾಡಿದ್ರೂ ಮೈಕು ಕಿತ್ಕೋತೀನಿ."

ಅವಮಾನ ನುಂಗಿಕೊಂಡು ಹಾಗೇ ಮಾಡಿದ. "ಬಂದರಿನ ಬಸ್, ಆರನೇ ಪ್ಲಾಟ್‌ಫಾರಂ, ಈಗ ಹೊರಡುತ್ತದೆ." ಬೆಂಚುಗಳ ಮೇಲಿದ್ದವರು ದಡಬಡ ಎದ್ದರು. ಗಂಟುಮೂಟೆ ಹೆಗಲೇರಿದವು, ಮಲಗಿದ್ದ ಮಕ್ಕಳು ಕಂಕುಳೇರಿದವು. ಒಂದೇ ನಿಮಿಷದಲ್ಲಿ ಮೂರು ಬೆಂಚು ಖಾಲಿ.

ಸಂಜೆ ನನ್ನ ಅಂಗಡಿಗೆ ಬಂದು ನಿಂತ. "ಅಕ್ಕ, ನಾನು ಹೇಳಿದೆ, ಜನ ಎದ್ರು," ಎಂದ. ಮುಂದಿನದಕ್ಕೆ ಕಾದೆ. ಮುಂದೆ ಏನೂ ಬರಲಿಲ್ಲ. ಹುಷಾರಿಲ್ಲವೇನೋ ಎಂದು ಅವನ ಹಣೆ ಮುಟ್ಟಿ ನೋಡಿದೆ.

ಕೆಲವು ತಿಂಗಳ ಮೇಲೆ ನಾನೊಮ್ಮೆ ಅವನ ಕೋಣೆಯಲ್ಲಿ ಕೂತಿದ್ದೆ. ಯಾವುದೋ ಆಫೀಸಿನವರ ದಂಡು ಬಂತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಕೊರಳಿಗೆ ದನಕ್ಕೆ ಕಟ್ಟಿದಂತೆ ಕಾರ್ಡು. ಬೆಟ್ಟ ಹತ್ತಿ ಒಗ್ಗಟ್ಟು ಕಲಿಯಲು ಹೊರಟವರಂತೆ. ಇವನು ಬೆಟ್ಟದ ಬಸ್ಸು ಎರಡನೆಯ ಪ್ಲಾಟ್‌ಫಾರಮಿನಲ್ಲಿದೆ ಎಂದ. ಅವರು ಮೊದಲು ತಿಂಡಿಯೋ ಮೊದಲು ಬಸ್ಸೋ ಎಂದು ವೃತ್ತಾಕಾರವಾಗಿ ನಿಂತು ಚರ್ಚಿಸುತ್ತಿದ್ದರು. ನಡುವಿದ್ದ ಬೋಳುತಲೆಯವ ಪ್ರತಿಯೊಬ್ಬರ ಅಭಿಪ್ರಾಯಕ್ಕೂ ತಲೆದೂಗುತ್ತಿದ್ದ. ಇವನು ಇನ್ನೊಂದು ಸಲ ಹೇಳಿದ. ಬೋಳುತಲೆ ಕೈ ಎತ್ತಿ, ಶಬ್ದ ಕಡಿಮೆ ಮಾಡಿ ಎಂದು ನಮ್ಮ ಕಡೆ ಸನ್ನೆ ಮಾಡಿದ. ಬಸ್ಸು ಹೊರಟುಹೋಯಿತು.

"ಮೂರನೇ ಸಲ ಹೇಳಬಹುದಿತ್ತಲ್ಲೋ?" ಎಂದೆ.

"ಎರಡೇ ಸಲ," ಎಂದು ಪೀಠಿಕೆ ಟೀ ಕುಡಿದ. ನನ್ನ ತಮ್ಮನ ಬಗ್ಗೆ ನನಗೆ ಗೌರವ ಬಂದದ್ದು ಆವತ್ತು. ಅವನಿಗೆ ಹೇಳಲಿಲ್ಲ, ಹೇಳಿದ್ದರೆ ಹಳೇ ರೋಗ ಮರುಕಳಿಸುತ್ತಿತ್ತು.

ಮೊನ್ನೆ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಬಂಧುಬಳಗಕ್ಕೆ ಊಟ. ಅಣ್ಣನ ಮಗ ಬಸ್ ನಿಲ್ದಾಣದಲ್ಲಿ ಕೂಗುತ್ತಾನೆಂದರೆ ಚಿಕ್ಕಪ್ಪನ ಮೂಗು ಕೊಯ್ದಂತಾಗುತ್ತದೆ. ಹೊಸ ಬೀಗರಿಗೆ, "ಇವನು ಸಾರಿಗೆ ಇಲಾಖೇಲಿ ಸಂವಹನದ ಹೊಣೆ ನೋಡ್ಕೋತಾನೆ," ಎಂದು ಪರಿಚಯಿಸಿದರು. ಬೀಗರು ಹುಬ್ಬೇರಿಸಿ, "ಅಂದ್ರೆ ಏನು ಕೆಲಸ?" ಎಂದು ಕೇಳಿದರು.

ನನ್ನ ತಮ್ಮ ತುತ್ತು ನುಂಗಿದ.

"ಬಸ್ ಹೊರಟಾಗ ಹೇಳ್ತೀನಿ," ಎಂದ. ಆಮೇಲೆ ಉಪ್ಪಿನ ಬಟ್ಟಲು ಈ ಕಡೆ ಕೊಡಿ ಎಂದು ಕೈ ಚಾಚಿದ.