ಸೀಟ್ಸ್ಕೆ ಒಪ್ಪದ ಪುಟ

ಲೇವಾರ್ಡೆನ್ ಊರಿನ ನಮ್ಮ ಕಟ್ಟಡದಲ್ಲಿ ಸೀಟ್ಸ್ಕೆ ನನ್ನ ಎದುರುಮನೆಯವಳು. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸರಿಗೆ ಗುಟ್ಟಾಗಿ ಮನೆ ಕೊಡಿಸುವ ಸಂಸ್ಥೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು, ಬೇರೆಯವರು ಬರೆದದ್ದನ್ನು ನೋಡಿ ಒಪ್ಪುವುದು ಅವಳ ಕೆಲಸ. ಆ ಹೆಂಗಸರ ವಿಳಾಸಗಳೆಲ್ಲ ಅಲ್ಲಿನ ಡೇಟಾಬೇಸಿನಲ್ಲಿವೆ.

ಈ ಚಳಿಗಾಲ ಅವಳ ಹುಟ್ಟುಹಬ್ಬಕ್ಕೆ ಎಂದಿನಂತೆ ಕುರ್ಚಿಗಳನ್ನು ದುಂಡಗೆ ಹಾಕಿದ್ದಳು. ಬಂದವರೆಲ್ಲ ಇಲ್ಲಿನ ರೂಢಿಯಂತೆ ಅವಳಿಗೂ, ನೆರೆಯವಳೆಂದು ನನಗೂ ಕೈಕುಲುಕಿ ಶುಭಾಶಯ ಹೇಳಿದರು. ಅವಳ ಮೇಲಧಿಕಾರಿ ಹಾರ್ಮೆನ್ ಕೇಕಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಸೋಮವಾರದ ಮಾತೆತ್ತಿದ. ಹೆಂಗಸರು ತಮ್ಮ ಅರ್ಜಿ ಎಲ್ಲಿಗೆ ಬಂತೆಂದು ಫೋನಿನಲ್ಲೇ ನೋಡುವ ಹೊಸ ಪುಟ ಅಂದು ತೆರೆಯಬೇಕು, ಮೇಯರ್ ಬರುತ್ತಾರೆ, ಅವಳ ಒಪ್ಪಿಗೆಯೊಂದೇ ಬಾಕಿ.

ಕೊಡುವುದಿಲ್ಲ ಎಂದಳು ಸೀಟ್ಸ್ಕೆ. ಹೆಸರಿನ ಖಾನೆಯಲ್ಲಿ ಯಾರು ಏನು ಬರೆದರೂ ಅದು ಡೇಟಾಬೇಸಿಗೆ ಹೋಗುವ ಅಪ್ಪಣೆಗೇ ಅಂಟಿಕೊಳ್ಳುತ್ತದಂತೆ. ಹುಡುಕುತ್ತಿರುವ ಗಂಡನೊಬ್ಬ ಹೆಸರಿನ ಹಿಂದೆ ತನ್ನದೊಂದು ಅಪ್ಪಣೆ ಸೇರಿಸಿದರೆ ಸಾಕು, ಎಲ್ಲ ವಿಳಾಸವೂ ಅವನ ಕಣ್ಣಮುಂದೆ.

ನನ್ನ ಓದು ಅಷ್ಟಕ್ಕಷ್ಟೆ. ಅರ್ಥವಾಗಲಿಲ್ಲ ಎಂದೆ.

"ಅಜ್ಜಿ, ಆಗೆಲ್ಲ ಹಾಲಿನವನಿಗೆ ಇಷ್ಟು ಬಾಟಲಿ ಅಂತ ಬಾಗಿಲಲ್ಲಿ ಚೀಟಿ ಇಡ್ತಿದ್ರಲ್ಲ?" ಎಂದಳು ಸೀಟ್ಸ್ಕೆ.

ಪಕ್ಕದ ಮನೆಯವರು ಇಡುತ್ತಿದ್ದರು. ಪೋಲಿ ಹುಡುಗರು ಅದರ ಕೆಳಗೆ ಬೆಣ್ಣೆ, ಕೆನೆ ಎಂದು ಗೀಚಿದರೆ ಹಾಲಿನವನು ಅದನ್ನೂ ಇಟ್ಟುಹೋಗುತ್ತಿದ್ದ. ನನಗೆ ಬರೆಯಲು ಬಾರದೆಂದು ನನ್ನವರು ಗಡಿಯಾರದಂತೆ ಅಂಕಿಗಳ ಮೇಲೆ ಮುಳ್ಳು ತಿರುಗುವ ಮರದ ಬಿಲ್ಲೆಯೊಂದನ್ನು ಬಾಗಿಲಿಗೆ ಹೊಡೆದಿದ್ದರು. ಎಷ್ಟು ಬಾಟಲಿ ಎಂಬುದನ್ನು ಬಿಟ್ಟು ಅದರಲ್ಲಿ ಬೇರೇನೂ ಹೇಳಲಾಗದು ಎಂದೆ.

"ನಾವು ಪ್ಯಾರಾಮೀಟರ್ ಅನ್ನೋದು ಆ ಬಿಲ್ಲೆಯಂಥದ್ದನ್ನೇ," ಎಂದಳು. ಅಪ್ಪಣೆಯನ್ನು ಮೊದಲೇ ಕಟ್ಟಿ ಒಂದು ಜಾಗ ಖಾಲಿ ಬಿಡುವುದು. ಅಲ್ಲಿ ಬಂದು ಬಿದ್ದದ್ದು ಏನೇ ಆಗಲಿ, ಬರೀ ಹೆಸರು.

ಹಾರ್ಮೆನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಎಲ್ಲವನ್ನೂ ಹಾಗೆ ಬದಲಿಸಲು ವಾರಗಟ್ಟಲೆ ಬೇಕು, ಈಗ ತೆರೆದು ಆಮೇಲೆ ಮಾಡೋಣ ಎಂದ. "ಮೇಯರಿಗೆ ಏನಂತ ಹೇಳ್ಲಿ?"

"ಬರ್ಲಿ, ಕಾಫಿ ಕುಡಿದು ಹೋಗ್ಲಿ."

"ಹಂಗಾದ್ರೆ ಬೇರೆಯವರ ಹತ್ರ ಒಪ್ಪಿಗೆ ತಗೋತೀನಿ."

"ತಗೊ. ಒಬ್ಬೊಬ್ಬ ಹೆಂಗಸಿಗೂ ನಾನೇ ಫೋನ್ ಮಾಡಿ, ಆ ಪುಟ ಮುಟ್ಬೇಡಿ ಅಂತೀನಿ. ಕೆಲಸದಿಂದ ತೆಗೀತೀಯಾ, ತೆಗಿ. ಇನ್ನೊಂದು ತುಂಡು ಕೇಕ್ ಬೇಕಾ?"

ಅವನಿಗೆ ಬೇಕಿರಲಿಲ್ಲ.

ಸೋಮವಾರ ಪುಟ ತೆರೆಯಲಿಲ್ಲ; ಮೇಯರ್ ಬಂದು ಕಾಫಿ ಕುಡಿದು ಹೋದರು. ಸೀಟ್ಸ್ಕೆಯ ಮೇಜನ್ನು ಹಾರ್ಮೆನ್ ಕಿಟಕಿಯ ಪಕ್ಕದಿಂದ ಎತ್ತಿಸಿ, ಗಾಳಿ ನುಗ್ಗುವ ಬಾಗಿಲ ಬಳಿ ಹಾಕಿಸಿದ. ಅವಳು ಹೂಕುಂಡವನ್ನು ತಾನೇ ಹೊತ್ತು ತಂದಿಟ್ಟುಕೊಂಡು, ಅಲ್ಲೇ ಕೂತು ಒಂದೊಂದೇ ಅಪ್ಪಣೆಯನ್ನು ತಿದ್ದುತ್ತಿದ್ದಾಳೆ. ದಿನವೂ ಬೆಳಿಗ್ಗೆ ಅವನು ಒಳಗೆ ಬರುತ್ತಾ ಮುಗಿಯಿತೇ ಎಂದು ಕೇಳುತ್ತಾನಂತೆ. ಇವಳು ತಲೆ ಎತ್ತದೆ ‘ಇಲ್ಲ’ ಅನ್ನುತ್ತಾಳೆ, ಹಾಗೇ ಬಾಗಿಲು ಹಾಕಿಕೊಂಡು ಬಾ ಅನ್ನುತ್ತಾಳೆ.