ಎರಡೇ ಭಾಗದ ಪ್ಯಾರಿಸ್‌ನಲ್ಲಿ ನಮ್ಮ ಕಾವಲು

ಪ್ಯಾರಿಸ್‌ಗೆ ಬಂದ ಹೊಸತರಲ್ಲಿ ನನ್ನ ಮಾರ್ಗದರ್ಶಕಿ ಪ್ರಬಂಧದ ಪರಿವಿಡಿಯನ್ನಷ್ಟೇ ನೋಡಿ ಹಿಂದಿರುಗಿಸಿದರು. ಒಳಗಿನ ಒಂದು ಹಾಳೆಯನ್ನೂ ತಿರುವಲಿಲ್ಲ. "ಮೂರು ಭಾಗಗಳಿವೆಯಲ್ಲ!" ಎಂದರು, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ.

ಇಲ್ಲಿ ಕಾನೂನಿನ ಬರಹಕ್ಕೆ ‘ಪ್ಲಾಂ’ ಇರಲೇಬೇಕು. ಪ್ಲಾಂ ಎಂದರೆ ಹಂದರ: ಎರಡು ಭಾಗ, ಒಂದೊಂದರಲ್ಲೂ ಮತ್ತೆ ಎರಡು. ಬೆಂಗಳೂರಿನಲ್ಲಿ ಓದುವಾಗ ತೀರ್ಪಿನ ಮೇಲೆ ತೀರ್ಪು ಪೇರಿಸಿದರೆ ಸಾಕು, ಮೇಷ್ಟ್ರು ತಲೆದೂಗುತ್ತಿದ್ದರು. ಅಂತರರಾಷ್ಟ್ರೀಯ ಕಾನೂನು ಅಂದಮೇಲೆ ಜಗತ್ತಿಗೆಲ್ಲ ಒಂದೇ ಎಂದು ನಂಬಿ ವಿಮಾನ ಹತ್ತಿದ ಪೆದ್ದಿ ನಾನು. ಜರ್ಮನಿಯ ಸಹಪಾಠಿ ಪದದ ವ್ಯಾಖ್ಯೆ ಗಟ್ಟಿಯಾಗದೆ ಮುಂದೆ ಹೆಜ್ಜೆಯಿಡುವುದಿಲ್ಲ. ಅಮೆರಿಕದವನಿಗೆ ‘ಇದರಿಂದ ಏನು ಬದಲಾಗುತ್ತದೆ’ ಎನ್ನುವುದೇ ಮೊದಲ ಪ್ರಶ್ನೆ.

ನನ್ನ ಮೂರನೆಯ ಭಾಗವೆಂದರೆ ನಮ್ಮೂರ ಕಡೆಯ ಉಳ್ಳಾರ್ತಿ ಕಾವಲು. ಆ ಹುಲ್ಲುಗಾವಲಿಗೆ ಬೇಲಿ ಬಿದ್ದ ಮೇಲೆ ಕುರಿ ಮೇಯಿಸಲು ಜಾಗವಿಲ್ಲದ ನನ್ನ ಚಿಕ್ಕಪ್ಪನ ಮತ್ತು ಅವರಂಥವರ ಮಾತು. ಅವರಿಗೂ ಆ ನೆಲದ ಮೇಲೆ ಹಕ್ಕುಂಟು ಎಂದು ಜಗತ್ತಿನ ಕಾನೂನಿನಿಂದಲೇ ತೋರಿಸಬೇಕೆಂದು ಹೊರಟಿದ್ದೆ. "ನೋವಿನ ಸಂಗತಿ, ನಿಜ. ಆದರೆ ಇದು ಕಾನೂನಲ್ಲ" ಎಂದರು ಮಾರ್ಗದರ್ಶಕಿ. ರಜೆಯಲ್ಲಿ ಊರ ಕಡೆಯ ಕಾಲೇಜೊಂದರಲ್ಲಿ ಕೆಲಸ ಕೇಳಿದರೆ, ಅಲ್ಲಿಯವರು ಅದೇ ಭಾಗ ನೋಡಿ "ತೀರ್ಪುಗಳೆಲ್ಲಿ ಮೇಡಂ?" ಎಂದರು.

ಬೇಕರಿಯಲ್ಲಿ ಫ್ರೆಂಚಿನಲ್ಲೇ ಬ್ರೆಡ್ ಕೇಳಿ, ಫ್ರೆಂಚಿನಲ್ಲೇ ಉತ್ತರ ಪಡೆದ ದಿನ ಗೆದ್ದೆ ಅನ್ನಿಸಿತ್ತು. ಕೋಣೆಗೆ ಬಂದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಬ್ರೆಡ್ ಮುರಿಯುತ್ತಾ ಅತ್ತೆ.

ಹೋದ ವಾರ ಮೂರನೆಯ ಭಾಗವನ್ನು ಕಿತ್ತುಹಾಕಿದೆ. ಹಾಗೆ ಮಾಡದೆ ಪದವಿ ಸಿಗುತ್ತಿರಲಿಲ್ಲ. ಮಾರ್ಗದರ್ಶಕಿ ಕೈಕುಲುಕಿ, "ಈಗ ನಮ್ಮವರ ಹಾಗೆ ಬರೆದಿದ್ದೀರಿ" ಎಂದರು. ನನಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಮೇವಿಲ್ಲದಿದ್ದರೂ ಚಿಕ್ಕಪ್ಪ ಕುರಿ ಮಾರಿರಲಿಲ್ಲ. ಮಗಳ ಬುಕ್ಕು ಬಂದರೆ ಬೇಲಿ ತೆಗೀತಾರೆ ಎಂದು ಹಟ್ಟಿಯವರಿಗೆಲ್ಲ ಹೇಳಿಕೊಂಡು ಕಾದಿದ್ದರು. ಫೋನ್ ಮಾಡಿದೆ.

"ಚಿಕ್ಕಪ್ಪ, ಕಾವಲಿನ ವಿಷ್ಯ ಬುಕ್ಕಿನಾಗೆ ಉಳೀಲಿಲ್ಲ."



"ನೀನೇನ್ ಮಾಡ್ತೀಯ ಬಿಡವ್ವ. ಅಲ್ಲಿಯೋರು ಮೆಚ್ಕಂಡ್ರಲ್ಲ, ಅಷ್ಟ್ ಸಾಕು. ಬರೋ ವಾರ ಚಳ್ಳಕೆರೆ ಸಂತೆಗೆ ಕುರಿ ಹೊಡ್ಕಂಡ್ ಹೋಗ್ತೀನಿ."

ಪ್ರತಿ ಸಲ ಫೋನ್ ಇಡುವ ಮುಂಚೆ "ಊರಿಗ್ ಯಾವಾಗ್ ಬರ್ತೀಯವ್ವ?" ಎಂದು ಕೇಳುತ್ತಿದ್ದವರು ಈ ಸಲ ಕೇಳಲಿಲ್ಲ.