ನಡುಗೋಡೆಯಾಚೆಯ ಖಾಲಾ

ಹೋದ ವಾರ ಮನೆಗೆ ಬಳಿಯಲೆಂದು ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದೆ. ಕಲ್ಲು ನೀರಿಗೆ ಬಿದ್ದು ಕೊತಕೊತ ಕುದಿಯಿತು ನೋಡಿ, ಆ ಬಿಸಿ ವಾಸನೆಗೆ ಬೀದಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಕಣ್ಣೆದುರೇ ಬಂದು ನಿಂತರು, ಸುಣ್ಣ ಬಳಿಯಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು...

ಶಿರಾಳಕೊಪ್ಪದ ನಮ್ಮ ಬೀದಿಯನ್ನು ಈಗ ಹಳೇ ಮನೆಗಳ ಬೀದಿ ಎಂದು ಜನ ಹುಡುಕಿಕೊಂಡು ಬರುತ್ತಾರೆ. ಕಂಬ, ಜಗಲಿ, ಹೆಂಚಿನ ಫೋಟೊ ತೆಗೆದು, ನಮಗೆ ಪರಂಪರೆಯ ಮೇಲೆ ಎಷ್ಟು ಪ್ರೀತಿ ಎಂದು ಹೊಗಳುತ್ತಾರೆ. ಹೊಗಳಲಿ ಪಾಪ. ಉಳಿಸಿದವರು ಖಾಲಾ ಎಂದು ಅವರಿಗೇನು ಗೊತ್ತು!

ಖಾಲಾ ಅವರದು ಹತ್ತಿ ಹಾಸಿಗೆ ಹೊಲಿಯುವ ಮನೆತನ. ನಮ್ಮೆರಡು ಮನೆಗಳ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಎರಡೂ ಕಡೆಯ ತೊಲೆಗಳು ಅದರ ಮೇಲೇ ಕೂತಿದ್ದವು. ಸಾಲಿನ ಎಲ್ಲ ಮನೆಗಳೂ ಹಾಗೆಯೇ. ಹಾಗಾಗಿ ಆಚೆಯವರನ್ನು ಕೇಳದೆ ನಡುಗೋಡೆಗೆ ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ಬೀದಿಯ ರೂಢಿ. ಒಮ್ಮೆ ನಾನು ಕ್ಯಾಲೆಂಡರಿಗೆಂದು ಹೊಡೆದೆ. ಖಾಲಾ ಬೆನ್ನು ಉಜ್ಜಿಕೊಳ್ಳುತ್ತಾ ಬಂದು, ಗೋಡೆಗೊರಗಿ ಕೂತವಳನ್ನು ಗುದ್ದಿದ್ದು ಯಾರು ಎಂದು ವಿಚಾರಣೆ ಮಾಡಿ, ಚಹಾ ಕುಡಿದು ಹೋದರು.

ಅಪ್ಪನಿಗೆ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವ ಹುಚ್ಚು ಹಿಡಿದದ್ದು ಆಮೇಲೆ. ಗೋಡೆ ಬಿದ್ದರೆ ಖಾಲಾ ಮನೆಯ ಸೂರೂ ಕುಸಿಯುತ್ತದೆ ಎಂದು ಅಮ್ಮ ಹೇಳಿದರೆ, ನನ್ನ ಮನೆ ಕೆಡವಲು ಯಾರ ಅಪ್ಪಣೆ ಬೇಕು ಎಂದು ರೇಗಿದರು. ಖಾಲಾ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತದ್ದನ್ನು ನಾನೇ ನೋಡಿದ್ದೇನೆ. ಮದುವೆಯಾಗಿ ಬಂದ ಮನೆ ಅದು. ಮತ್ತೆ ಕಟ್ಟಿಸುವ ಶಕ್ತಿ ಅವರಿಗಿರಲಿಲ್ಲ, ಬೇರೆ ಕಡೆ ಹೋಗಿ ಬದುಕುವ ಮನಸ್ಸೂ ಇರಲಿಲ್ಲ.

ಮೇಸ್ತ್ರಿ ಅಳತೆಗೆ ಬಂದ ದಿನ ಮಾತ್ರ ಕಣ್ಣೀರಿನ ಸುಳಿವಿಲ್ಲ. ನಮ್ಮ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಪ್ಪನಿಗೆ ಹೇಳಿದರು:

"ಅಣ್ಣಾ, ಗೋಡೇಲಿ ನಿಮ್ಮ ಅರ್ಧ ಧಾರಾಳವಾಗಿ ಕೆಡವ್ರಿ. ನಮ್ಮ ಅರ್ಧ ಮಾತ್ರ ಬಿಟ್ಬಿಡ್ರಿ."

ಮೇಸ್ತ್ರಿ ನಿಜವೆಂದೇ ನಂಬಿಬಿಟ್ಟ. ಟೇಪು ಹಿಡಿದು ಗೋಡೆಯ ದಪ್ಪ ಅಳೆದ, ಸೀಮೆಸುಣ್ಣದಿಂದ ನಡುವೆ ಗೆರೆ ಎಳೆದ, ಆಮೇಲೆ ತಲೆ ಕೆರೆದುಕೊಂಡು ಅಪ್ಪನ ಮುಖ ನೋಡಿದ. ಬಾಗಿಲ ಹಿಂದೆ ಅಮ್ಮ ಕಿಸಕ್ಕನೆ ನಕ್ಕಳು. ಅಪ್ಪ ಮುಖ ಬಿಗಿದುಕೊಂಡು ನೋಡಿದರು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಹಿತ್ತಿಲಲ್ಲಿ ಸಿಮೆಂಟಿನ ಒಂದು ಕೋಣೆ ಕಟ್ಟಿಸಿ ಹುಚ್ಚು ತೀರಿಸಿಕೊಂಡರು. ಅಲ್ಲಿಂದಾಚೆ ಬೀದಿಯಲ್ಲಿ ಯಾರು ಕೆಡವುವ ಮಾತೆತ್ತಿದರೂ, ನಿನ್ನ ಅರ್ಧ ಕೆಡವಿಕೋ ಮಾರಾಯ ಎಂದು ಉಳಿದವರು ಕಾಲೆಳೆಯುತ್ತಿದ್ದರು. ಒಂದು ಮನೆಯೂ ಬೀಳಲಿಲ್ಲ.

ಖಾಲಾ ಈಗಿಲ್ಲ. ಆ ಮನೆಯಲ್ಲಿ ಅವರ ಮಗ ಇದ್ದಾನೆ, ಬಂಗಾರದಂಥ ಮನುಷ್ಯ. ನಡುಗೋಡೆಯಲ್ಲಿ ಬಿರುಕು ಬಿಟ್ಟಿತ್ತು, ಕೆತ್ತಿ ಮಣ್ಣು ಮೆತ್ತಲೇ ಎಂದು ಮೊನ್ನೆ ಕೇಳಲು ಹೋದೆ.

"ನಿಮ್ಮ ಕಡೆ ನೀವು ಏನಾರ ಮಾಡ್ಕಳ್ರಿ ಅಕ್ಕಾ, ನನ್ನೇನ್ ಕೇಳ್ತೀರಿ?" ಎಂದು ನಕ್ಕ.

ವಿಚಾರಣೆಯಿಲ್ಲ, ಚಹಾ ಇಲ್ಲ, ಒಪ್ಪಿಗೆ ಅಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತು. ಮನೆಗೆ ಬಂದು ಉಳಿ ಹಿಡಿದು ಕೂತವಳಿಗೆ, ಖಾಲಾ ಸತ್ತ ದಿನವೂ ಬಾರದಷ್ಟು ಅಳು ಬಂತು.